ದೋಣಿವಾಡಿಯ ಮಂದಿ ಎಣಿಕೆ

ಹೋದ ವಾರ ಇಬ್ಬರು ಹೊಸ ತಲಾಠಿಗಳು ಮುರುಮ್ ಊರಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಒಬ್ಬಾಕೆ ಉಮರ್ಗಾದ ಹುಡುಗಿ, ಇನ್ನೊಬ್ಬ ಜಳಕೋಟ ಕಡೆಯವನು. "ಸರ್, ಇಡೀ ಆಯುಷ್ಯ ಈ ಕೆಲಸದಾಗ ಕಳದೀರಿ. ನಮಗ ಏನರೆ ನಾಕ ಮಾತ ಹೇಳ್ರಿ" ಅಂದಳು ಹುಡುಗಿ. ನಾನೂ ಹಿರಿಯನ ಗತ್ತಿನಲ್ಲಿ ಹೇಳಿದ್ದೇ ಹೇಳಿದ್ದು. ಅಣ್ಣತಮ್ಮಂದಿರ ಹೊಲದ ಜಗಳದಲ್ಲಿ ಯಾರ ಮನೆಯ ಚಹಾವನ್ನೂ ಕುಡಿಯಬೇಡಿ, ಗಡಿಕಲ್ಲು ಕಿತ್ತವನೇ ಮೊದಲು ಓಡಿಬಂದು ದೂರು ಕೊಡುತ್ತಾನೆ, ಹೀಗೆ. ಅವರು ನಕ್ಕರು, ಮೊಬೈಲಿನಲ್ಲಿ ಏನೋ ಬರೆದುಕೊಂಡರು, ಹೋದರು. ಅವರು ಹೋದ ಮೇಲೆ ನನಗೆ ನಾಚಿಕೆಯಾಯಿತು. ಹೇಳಬೇಕಾದ್ದನ್ನು ನುಂಗಿಕೊಂಡು ಹರಟೆ ಹೊಡೆದು ಕಳಿಸಿದ್ದೆ. ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ.

ಬಡ್ತಿಗಿಡ್ತಿಯ ಸುದ್ದಿ ಬರೆಯುವುದಿಲ್ಲ. ಅದು ಬಂದ ದಿನ ಪೇಢೆ ಹಂಚಿದ್ದೆ, ಅಲ್ಲಿಗೆ ಮುಗಿಯಿತು. ನಮ್ಮ ಮಹಾರಾಷ್ಟ್ರದಲ್ಲಿ ತಲಾಠಿ ಅಂದರೆ ಮೂರು ನಾಲ್ಕು ಊರಿನ ನೆಲ ಮತ್ತು ಮಂದಿಯನ್ನು ಕಾಗದದ ಮೇಲೆ ಇಟ್ಟುಕೊಂಡಿರುವವನು. ಹೊಲ ಯಾರದು, ಅದರಲ್ಲಿ ಏನು ಬೆಳೆ ಇದೆ, ಯಾವ ವಸ್ತಿಯಲ್ಲಿ ಎಷ್ಟು ಮನೆ, ಎಲ್ಲವೂ ಅವನ ದಫ್ತರದಿಂದಲೇ ಮೇಲೆ ಹೋಗುತ್ತದೆ. ಅವನು ಬರೆದದ್ದನ್ನು ಮೇಲಿನವರು ನಕಲು ಮಾಡುತ್ತಾರೆ, ಅವರ ಮೇಲಿನವರು ಅದರ ನಕಲು ಮಾಡುತ್ತಾರೆ. ಮುಂಬಯಿಯವರೆಗೆ ಹೋದರೂ ಅದು ಹಳ್ಳಿಯ ತಲಾಠಿ ಬರೆದ ಮಾತೇ.

ನನಗೆ ಈ ಕೆಲಸ ಕಲಿಸಿದವರು ನಮ್ಮ ಸರ್ಕಲ್ ಸಾಹೇಬರು, ಅಂದರೆ ನಮ್ಮಂಥ ಹತ್ತಾರು ತಲಾಠಿಗಳ ಮೇಲಿನ ಅಧಿಕಾರಿ. ನಿಲಂಗಾ ಕಡೆಯವರು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಮರಾಠಿ, ಬೈಯುವಾಗ ಮಾತ್ರ ಕನ್ನಡ. ನೌಕರಿಯ ಮೊದಲ ಬೇಸಿಗೆಯಲ್ಲಿ ಒಂದು ಹೊಲದ ಮಾವಿನ ಗಿಡಗಳನ್ನು ನಾನು ಗೌಡರ ಕಟ್ಟೆಯ ಮೇಲೆ ಕೂತು, ಅವರ ಬಾಯಿಂದ ಕೇಳಿ ಬರೆದಿದ್ದೆ. ಸಾಹೇಬರು ಅದೇ ಮಧ್ಯಾಹ್ನ ನನ್ನನ್ನು ಉರಿಬಿಸಿಲಲ್ಲಿ ಹೊಲಕ್ಕೆ ನಡೆಸಿಕೊಂಡು ಹೋಗಿ ಒಂದೊಂದು ಗಿಡವನ್ನೂ ಮುಟ್ಟಿಸಿ ಎಣಿಸಿದರು. ಎರಡು ಗಿಡ ಕಡಿಮೆ ಬಂದವು. "ಮಗನ, ಕಣ್ಣಲೆ ನೋಡಿದ್ದ ಬರಿ. ಕಿವಿಲೆ ಕೇಳಿದ್ದ ಬರೀಬ್ಯಾಡ" ಅಂದರು. ಆ ಮಾತನ್ನು ನಾನು ಗಂಟು ಕಟ್ಟಿಕೊಂಡೆ. ಮುಂದೆ ನಾನು ಮಾಡಿದ ದೊಡ್ಡ ತಪ್ಪನ್ನೂ ಕಣ್ಣಾರೆ ನೋಡಿಯೇ ಮಾಡಿದೆ.

ದೋಣಿವಾಡಿ ಎಲ್ಲಿದೆ ಎಂದು ಮೊದಲು ಹೇಳುತ್ತೇನೆ. ತೇರಣಾ ಹೊಳೆ ಪಡುವಣದಿಂದ ನೇರವಾಗಿ ಬಂದು, ಒಂದು ಕಡೆ ಕರಿಕಲ್ಲಿನ ಬಂಡೆಗೆ ತಾಗಿ ತೆಂಕಣಕ್ಕೆ ತಿರುಗಿ, ಸ್ವಲ್ಪ ದೂರ ಹೋಗಿ ಮತ್ತೆ ಬಡಗಣಕ್ಕೆ ಹೊರಳುತ್ತದೆ. ಆ ತಿರುವಿನ ಹೊಟ್ಟೆಯೊಳಗೆ ಒಂದು ದಿಬ್ಬ, ನಾಲ್ಕು ಜಾಲಿ ಗಿಡ, ಮೂವತ್ತರ ಆಸುಪಾಸು ಗುಡಿಸಲು. ಮೂರು ಕಡೆ ನೀರು. ನಾಲ್ಕನೆಯ ಕಡೆ ಕಪ್ಪು ಮಣ್ಣಿನ ಹೊಲಗಳು, ಆದರೆ ಅವು ನಿಲಂಗಾ ತಾಲೂಕಿನವು. ಹೊಳೆ ಹಿಂದೆ ಯಾವಾಗಲೋ ದಿಬ್ಬದ ಆಚೆಯಿಂದ ಹರಿಯುತ್ತಿತ್ತಂತೆ, ಆಮೇಲೆ ಹಾದಿ ಬದಲಿಸಿತು. ದಿಬ್ಬ ಆಚೆ ದಂಡೆಗೆ ಹೋಯಿತು, ಕಾಗದ ಮಾತ್ರ ಈಚೆ ದಂಡೆಯಲ್ಲೇ ಉಳಿಯಿತು. ಹಾಗಾಗಿ ದೋಣಿವಾಡಿ ಉಮರ್ಗಾ ತಾಲೂಕಿನದು, ನಾನು ತಲಾಠಿಯಾಗಿದ್ದ ಊರಿನ ಶಿವಾರದ್ದು, ಅಂದರೆ ಆ ಊರಿನ ಗಡಿಯೊಳಗಿನದು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಮೇಲಿನ ಊರು ಎನ್ನುತ್ತೇನೆ. ದೋಣಿವಾಡಿಗೆ ತನ್ನದೇ ಪಂಚಾಯತಿ ಇಲ್ಲ, ನಕಾಶೆಯಲ್ಲಿ ಹೆಸರೂ ಇಲ್ಲ. ಮೇಲಿನ ಊರಿನ ಕಾಗದದಲ್ಲಿ ಕೊನೆಗೆ ಒಂದು ಸಾಲು, ಅಷ್ಟೇ.

ಅಲ್ಲಿನವರು ಅಂಬಿಗರು. ಅವರ ಅಜ್ಜಂದಿರು ಭಾಲ್ಕಿ ಕಡೆಯಿಂದ ಬಂದವರು, ಮನೆಯಲ್ಲಿ ಕನ್ನಡವೇ ಮಾತು. ಮಳೆಗಾಲದಲ್ಲಿ ದೋಣಿ ಹಾಕುವುದು, ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವುದು, ದೀಪಾವಳಿ ಮುಗಿದೊಡನೆ ಕಬ್ಬು ಕಡಿಯಲು ಹೋಗುವುದು. ಕುಡಿಯುವ ನೀರಿಗೆ ಉಸುಕಿನಲ್ಲಿ ವರ್ತಿ ತೋಡುತ್ತಿದ್ದರು. ಮೊಣಕಾಲುದ್ದ ಗುಂಡಿ, ಅದರಲ್ಲಿ ಒಸರುವ ನೀರನ್ನು ತಂಬಿಗೆಯಿಂದ ಮೊಗೆಯುವುದು.

ದೋಣಿ ನಡೆಸುವವಳು ನಾಗವ್ವ. ಗಂಡ ತೀರಿದ ಮೇಲೆ ಹುಟ್ಟು ತಾನೇ ಹಿಡಿದಿದ್ದಳು. ನನಗೆ ಈಜು ಬಾರದು ಎಂದು ಮೊದಲ ದಿನವೇ ಕಂಡುಹಿಡಿದಳು. "ಸಾಹೇಬ್ರು ನಡು ಹೊಳ್ಯಾಗ ದೇವರ ಹೆಸರ ತಗೋತಾರ, ದಂಡಿಗಿ ಬಂದ ಮ್ಯಾಲೆ ಸರಕಾರದ ಹೆಸರ ತಗೋತಾರ" ಎಂದು ದೋಣಿಯಲ್ಲಿದ್ದವರನ್ನೆಲ್ಲ ನಗಿಸಿದ್ದಳು. ನನಗೆ ಆಕೆಯನ್ನು ಕಂಡರೆ ಹೆದರಿಕೆಯೂ ಇತ್ತು, ಪ್ರೀತಿಯೂ ಇತ್ತು.

ಆಮೇಲೆ ತೊಂಬತ್ಮೂರನೆಯ ಇಸವಿಯ ಆ ದೊಡ್ಡ ಭೂಕಂಪವಾಯಿತು. ಅದರ ಬಗ್ಗೆ ಬಹಳ ಮಂದಿ ಬಹಳ ಬರೆದಿದ್ದಾರೆ, ನಾನು ಹೆಚ್ಚು ಬರೆಯಲಾರೆ. ಮೇಲಿನ ಊರಿನ ಮನೆಗಳೆಲ್ಲ ಕಲ್ಲುಮಣ್ಣಿನವು, ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಗಟ್ಟಿ ಮನೆ ಕಟ್ಟಿದವನೇ ಅದರ ಕೆಳಗೆ ಹೋದ. ಒಂದು ತಿಂಗಳು ನಾನು ಪಂಚನಾಮೆ ಬರೆದೆ. ಬದುವಿನ ಸಲುವಾಗಿ ನನ್ನ ಜೊತೆ ಹರಿದು ಬೀಳುವ ಹಾಗೆ ಜಗಳಾಡಿದವರ ಹೆಸರನ್ನೆಲ್ಲ ಸತ್ತವರ ಖಾನೆಯಲ್ಲಿ ಬರೆದೆ. ಬರೆಯುತ್ತ ಅಳುತ್ತಿದ್ದೆ, ಅಳುವುದಕ್ಕೂ ಪುರುಸೊತ್ತಿರಲಿಲ್ಲ. ದೋಣಿವಾಡಿಯ ಗೋಡೆಗಳು ತೊಗರಿ ಕಟ್ಟಿಗೆ ಹೆಣೆದು ಸೆಗಣಿ ಮೆತ್ತಿದವು. ಅವು ಬಿದ್ದರೂ ಯಾರೂ ಸಾಯುವ ಹಾಗಿರಲಿಲ್ಲ. ಅಲ್ಲಿ ಒಬ್ಬರೂ ಸಾಯಲಿಲ್ಲ ಎಂದು ಕೇಳಿ, ಅತ್ತ ಹೋಗುವ ಗರಜೇ ಇಲ್ಲ ಎಂದುಕೊಂಡೆ.

ಊರಿನ ಕೋತವಾಲ ಮಾರುತಿ ಕಾಕಾ, ಅಂದರೆ ನನ್ನ ಜೊತೆ ಊರೂರು ತಿರುಗುವ ಸರಕಾರಿ ಚಾಕರಿಯವರು, ಭೂಕಂಪದಲ್ಲಿ ಹೆಂಡತಿಯನ್ನು ಕಳೆದುಕೊಂಡು ಮಗಳ ಊರು ಕಾಸಾರಶಿರಸಿಗೆ ಹೋಗಿಬಿಟ್ಟಿದ್ದರು. ಎಲ್ಲಿ ಯಾರು ಇದ್ದಾರೆ, ಯಾವ ಗುಡಿಸಲಿನವರು ಯಾವ ಕಬ್ಬಿನ ಗದ್ದೆಗೆ ಹೋಗಿದ್ದಾರೆ, ಎಲ್ಲ ಅವರ ತಲೆಯಲ್ಲಿತ್ತು. ನನ್ನ ದಫ್ತರದಲ್ಲಿ ಇರಲಿಲ್ಲ.

ಚಳಿಗಾಲದಲ್ಲಿ ತಾಲೂಕಿನಿಂದ ಹುಕುಂ ಬಂತು. ಯಾವ ಯಾವ ವಾಡಿವಸ್ತಿಯಲ್ಲಿ ಈಗ ಮಂದಿ ಇದ್ದಾರೆ, ಎಷ್ಟು ಮನೆ, ಮೂರು ದಿನದಲ್ಲಿ ಯಾದಿ ಕೊಡಬೇಕು. ಆ ಯಾದಿಯ ಮೇಲೆಯೇ ಮುಂದಿನದೆಲ್ಲ ನಡೆಯುತ್ತದೆ: ನೀರಿನ ಬೋರು, ನರ್ಸಬಾಯಿ ಸುತ್ತು ಬರುವ ಫೇರಿ, ಔಷಧ. ನಾನು ಒಬ್ಬನೇ ತಿರುಗಿದೆ. ಕೊನೆಯ ದಿನ ಸಂಜೆಯ ಮುಂದೆ ಹೊಳೆಯ ಈಚೆ ದಂಡೆಗೆ ಬಂದು ನಿಂತೆ. ನಾಗವ್ವನ ದೋಣಿ ಆಚೆ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಕೂಗಿದೆ. ನಾಯಿ ಕೂಡ ಬೊಗಳಲಿಲ್ಲ. ಆಡು ಇಲ್ಲ, ಕೋಳಿ ಇಲ್ಲ, ಒಲೆಯ ಹೊಗೆ ಇಲ್ಲ. ಕಂಡ ಪ್ರತಿ ಗುಡಿಸಲಿನ ಬಾಗಿಲಿಗೂ ಬಾರಿಕಂಟಿಯ, ಅಂದರೆ ಬೋರೆ ಗಿಡದ, ಮುಳ್ಳು ಅಡ್ಡ ಬಡಿದಿತ್ತು.

ಮೇಲಿನ ಊರಿನಲ್ಲಿ ಆ ತಿಂಗಳುಗಳಲ್ಲಿ ಮುಳ್ಳಿಗೆ ಒಂದೇ ಅರ್ಥವಿತ್ತು. ಇಡೀ ಮನೆತನ ಮಣ್ಣಾದ ಕಡೆ, ದನ ನಾಯಿ ತುಳಿಯಬಾರದೆಂದು ಉಳಿದವರು ಬಾರಿಕಂಟಿ ತಂದು ಹಾಕುತ್ತಿದ್ದರು. ಮುಳ್ಳು ಇದ್ದ ಮನೆಯ ಮುಂದೆ ನಾನು ಚಪ್ಪಲಿ ಬಿಟ್ಟು ಕೈ ಮುಗಿದು, "ಯಾರೂ ಇಲ್ಲ" ಎಂದು ಬರೆದು ಮುಂದೆ ಹೋಗುತ್ತಿದ್ದೆ. ಎಷ್ಟು ಮನೆಯ ಮುಂದೆ ಹಾಗೆ ಮಾಡಿದೆನೋ. ಹೊಳೆಯ ದಂಡೆಯ ಮೇಲೆ ನಿಂತವನಿಗೂ ಅದೇ ಹೊಳೆಯಿತು. ಅಲ್ಲಿ ಯಾರೂ ಸತ್ತಿರಲಿಲ್ಲ, ಆದರೆ ಕಬ್ಬಿಗೆ ಹೋದಾಗಲೂ ಒಂದೆರಡು ಒಲೆ ಉರಿಯುತ್ತಿದ್ದವು; ಭಯಬಿದ್ದು ಎಲ್ಲರೂ ಬಿಟ್ಟುಹೋದರು, ಇನ್ನು ಬರುವುದಿಲ್ಲ ಎಂದುಕೊಂಡೆ. ಕೈ ಮುಗಿದೆ. ದೋಣಿವಾಡಿಯ ಮುಂದೆ "ಬೇಚಿರಾಗ್" ಎಂದು ಬರೆದೆ. ಮಂದಿಯೇ ಇಲ್ಲದ ಊರಿಗೆ ನಿಜಾಮನ ಕಾಲದಿಂದ ನಮ್ಮ ದಫ್ತರದಲ್ಲಿರುವ ಮಾತು ಅದು. ನಿಲಂಗಾ ಕಡೆಯಿಂದ ಸುತ್ತು ಹಾಕಿ ನಡೆದಿದ್ದರೆ ಅರ್ಧ ದಿನ ಬೇಕಿತ್ತು. ನಾನು ನಡೆಯಲಿಲ್ಲ.

ಮಳೆಗಾಲ ಶುರುವಾದಾಗ ಮೇಲಿನ ಊರು ಹೊಸ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿತ್ತು. ನನ್ನ ಚಾವಡಿಯೂ ಒಂದು ತಗಡಿನ ಶೆಡ್ಡೇ. ಒಂದು ಮುಂಜಾನೆ ನಾಗವ್ವ ಒದ್ದೆ ಸೆರಗಿನಲ್ಲಿ ಬಂದು ಬಾಗಿಲಲ್ಲಿ ನಿಂತಳು. ಆಕೆಯನ್ನು ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ.

"ಸಾಹೇಬ್ರ, ನಮ್ಮ ವಾಡ್ಯಾಗ ಮಂದಿ ಇಲ್ಲಂತ ಯಾರ ಬರದಾರ್ರೀ?"

"ಯಾಕವ್ವ, ಏನಾತು?"

"ವಾಂತಿಭೇದಿ ಹತ್ಯಾದ್ರಿ. ಹೊಳಿಗಿ ಹೊಸ ನೀರ ಬಂದು ವರ್ತ್ಯಾಗ ಕೂಡ್ಯಾದ. ಎಲ್ಲಾರಿಗಿ ಬೋರ್ ಹೊಡದಾರ, ನಮಗಷ್ಟ ಇಲ್ಲ. ನರ್ಸಬಾಯಿ ಎಸ್ಟಿ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ದಳು. ಯಾದಿ ತಗದು ನೋಡಿದಳು, ನಮ್ಮ ವಾಡಿ ಹೆಸರೇ ಇಲ್ಲ. ತಲಾಠಿ ಸಾಹೇಬ್ರದು ಒಂದ ಚೀಟಿ ತಾ, ಅದಕ್ಕ ಔಷಧ ಕೊಡ್ತಾರ, ತಗೊಂಡು ಲಗೂನ ಬರ್ತೀನಿ ಅಂದಾಳ್ರಿ."

"ನೀವೆಲ್ಲ ಬಿಟ್ಟು ಹೋಗಿದ್ರೆಲ್ಲ?"

"ಎಲ್ಲಿ ಹೋಗಮಿ? ಕಬ್ಬ ಕಡ್ಯಾಕ ಹೋಗಿದ್ದೇವು, ಹೋಳಿ ಹುಣ್ಣಿವಿಗಿ ಬಂದೇವು. ದರ ವರ್ಷ ಹೋಗಲ್ಲೇನು?"

ಚೀಟಿ ಬರೆಯಲು ಒಂದು ನಿಮಿಷ ಸಾಕಿತ್ತು. ಪೆನ್ನು ಕಿಸೆಯಲ್ಲಿತ್ತು, ಕಾಗದ ಮೇಜಿನ ಮೇಲಿತ್ತು. ಆದರೆ ನಾನು ಹೆದರಿದೆ. ಬೇಚಿರಾಗ್ ಎಂದು ಬರೆದ ಕೈಯಲ್ಲೇ ಇಲ್ಲಿ ಮಂದಿ ಇದ್ದಾರೆ ಎಂದು ಬರೆದುಕೊಟ್ಟರೆ, ನಾಳೆ ಕೇಳುವವರಿಗೆ ಏನು ಹೇಳುವುದು? ಬೇರೆ ಯಾರಾದರೂ ನಕಲು ಮಾಡುವಾಗ ತಪ್ಪಿರಬಹುದು ಎಂದೂ ಒಂದು ಹುಚ್ಚು ಆಸೆ. "ಯಾದಿ ನೋಡಬೇಕವ್ವ. ನೋಡಿ ಕಳಸ್ತೀನಿ, ನೀ ನಡಿ" ಅಂದೆ. ಆಕೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. "ಲಗೂ ಕಳಸ್ರಿ" ಎಂದು ಮಳೆಯಲ್ಲೇ ಹೊರಟುಹೋದಳು.

ಮರುದಿನ ಉಮರ್ಗಾಕ್ಕೆ ಹೋಗಿ ಕಪಾಟಿನಿಂದ ಯಾದಿ ತೆಗೆಸಿದೆ. ನನ್ನದೇ ಅಕ್ಷರ, ನನ್ನದೇ ಸಹಿ. ಸಂಜೆಯ ಎಸ್ಟಿ ಬಸ್ಸು ತಪ್ಪಿತು. ಅದರ ಮರುದಿನ ಊರಿಗೆ ಬಂದು ಚೀಟಿ ಬರೆದು ಕಳಿಸಿದೆ. ನರ್ಸಬಾಯಿ ಪುಣ್ಯಾತ್ಮಳು, ಚೀಟಿ ಕೈಗೆ ಬಂದ ತಾಸಿನಲ್ಲೇ ಔಷಧದ ಪೆಟ್ಟಿಗೆ ಹಿಡಿದು ಹೊಳೆ ದಾಟಿದಳು. ಎರಡು ದಿನ ಅಲ್ಲೇ ಇದ್ದು ಸಲೈನ್ ಹಚ್ಚಿದಳು. ತಿರುಗಿ ಬಂದವಳು, "ನಾ ಹೋದ ಮ್ಯಾಲೆ ಎಲ್ಲಾರೂ ಉಳದಾರ್ರಿ" ಅಂದಳು. ಆಕೆ ಹೋಗುವ ಮೊದಲು ಏನಾಗಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಸರ್ಕಲ್ ಸಾಹೇಬರ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: ನಿನ್ನ ತಪ್ಪೆಂದು ಬರೆಯಬೇಡ. ಮಂದಿ ಬಿಟ್ಟುಹೋಗಿದ್ದರು, ಈಗ ಹೊಸದಾಗಿ ಬಂದು ಕೂತಿದ್ದಾರೆ ಎಂದು ಬರೆ. ಹೊಸ ವಸ್ತಿ ಎಂದು ಸೇರಿಸಿದರಾಯಿತು, ನಿನಗೂ ಧಕ್ಕೆ ಇಲ್ಲ. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು, ಈಗಲೂ ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ಹೊಸದಾಗಿ ಬಂದು ಕೂತವರು ಎಂದರೆ ಹೊಳೆದಂಡೆಯ ಸರಕಾರಿ ಜಾಗ ಹಿಡಿದವರು ಎಂದಾಗುತ್ತದೆ. ನಾಳೆ ಯಾರು ಬೇಕಾದರೂ ಎಬ್ಬಿಸಬಹುದು. ಮೂರು ತಲೆಮಾರಿನವರು ಹೂಳಿಸಿಕೊಂಡ ದಿಬ್ಬದ ಮೇಲೆ ನಾಗವ್ವ ನಿನ್ನೆ ಬಂದವಳಾಗುತ್ತಾಳೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನೀವು ಹೊಳಿ ದಾಟಿಲ್ಲ ಅಂದ ಮ್ಯಾಲೆ, ದಾಟಿಲ್ಲಂತ ಬರೀರಿ. ಅದರಾಗ ವಿಚಾರ ಮಾಡೂದ ಏನದ?" ಅಂದಳು. ಹಾಗೇ ಬರೆದೆ. ನಾನು ಹೊಳೆ ದಾಟಲಿಲ್ಲ, ಮುಳ್ಳು ನೋಡಿ ತಪ್ಪು ತಿಳಿದೆ, ವಸ್ತಿ ಹಳೆಯದು, ಮಂದಿ ಕಬ್ಬಿಗೆ ಹೋಗಿದ್ದರು. ತಹಸೀಲ್ದಾರರು ಓದಿ, "ಇಷ್ಟ ಸಾಫ್ ಬರೆದವರನ್ನ ನಾ ನೋಡಿಲ್ಲ" ಅಂದರು. ಅದು ಹೊಗಳಿಕೆ ಅಂದುಕೊಳ್ಳಬೇಡಿ. ಚೌಕಶಿ, ಅಂದರೆ ಇಲಾಖೆಯ ವಿಚಾರಣೆ, ನಡೆಯಿತು, ತಪ್ಪಿತಸ್ಥನೆಂದು ಠಪಕಾ ಸಿಕ್ಕಿತು, ನನ್ನ ಸೇವಾಪುಸ್ತಕದಲ್ಲಿ ಕೊನೆಯವರೆಗೂ ಉಳಿಯಿತು. ದೋಣಿವಾಡಿಯನ್ನು ಹಳೆಯ ವಸ್ತಿ ಎಂದು ಯಾದಿಗೆ ತಿರುಗಿ ಹಚ್ಚಿ, ಮನೆಮನೆ ಎಣಿಸಿಕೊಂಡು ಬಾ ಎಂದು ಹುಕುಂ ಆಯಿತು.

ಆ ಎಣಿಕೆಯ ದಿನದ ಮಾತು ಬರೆದ ಮೇಲೆ ನನಗೆ ಮುಂದೆ ಬರೆಯಲಾಗುವುದಿಲ್ಲ. ಅದಕ್ಕೆ ಉಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋರು ಬಂತು, ನೀರು ಸಿಹಿ ಬಿತ್ತು. ಕೆಲವು ವರ್ಷದ ಮೇಲೆ ಒಂದು ಕೋಣೆಯ ಶಾಲೆಯೂ ಬಂತು. ನಾನು ಅಲ್ಲಿಂದ ಮುಂದೆ ಯಾವ ವಸ್ತಿಗೇ ಆಗಲಿ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೆ, ಮಂದಿ ಕಬ್ಬಿಗೆ ಹೋದಾಗ ಒಮ್ಮೆ, ತಿರುಗಿ ಬಂದಾಗ ಒಮ್ಮೆ. ಇನ್ನೂರು ಪುಟದ ನನ್ನದೇ ಒಂದು ವಹಿ ಇಟ್ಟುಕೊಂಡೆ. ಬಾಗಿಲು ಮುಚ್ಚಿದ್ದರೆ ಯಾಕೆ ಮುಚ್ಚಿದೆ, ಎಲ್ಲಿಗೆ ಹೋಗಿದ್ದಾರೆ, ಯಾವ ಹಬ್ಬಕ್ಕೆ ಬರುತ್ತಾರೆ, ಇಷ್ಟನ್ನು ಪಕ್ಕದವರನ್ನು ಕೇಳಿ ಬರೆಯುತ್ತಿದ್ದೆ. ಸರಕಾರದ ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮಾರುತಿ ಕಾಕಾ ತಿರುಗಿ ಬಂದ ಮೇಲೆ ಅವರ ತಲೆಯಲ್ಲಿದ್ದದ್ದನ್ನೆಲ್ಲ ದಿನವೂ ಸ್ವಲ್ಪ ಸ್ವಲ್ಪ ಹೇಳಿಸಿ ಬರೆದುಕೊಂಡೆ. ಆಮೇಲೆ ಕಂಪ್ಯೂಟರ್ ಬಂತು, ಹೊಲದ ಪಹಣಿ ಉತಾರೆ ಆನ್‌ಲೈನ್ ಆಯಿತು. ಈಗ ನೀವು ಹೊಸ ತಲಾಠಿಗಳು ಆಕಾಶದಿಂದ ತೆಗೆದ ಫೋಟೋ ನೋಡಿ ವಸ್ತಿ ಗುರುತು ಹಾಕುತ್ತೀರಿ. ಹೋದ ವಾರ ಬಂದ ಹುಡುಗ ತನ್ನ ಮೊಬೈಲಿನಲ್ಲಿ ತೇರಣೆಯ ಆ ತಿರುವನ್ನು ನನಗೆ ತೋರಿಸಿದ. ಜಾಲಿ ಗಿಡಗಳು ಕಂಡವು, ಚಪ್ಪರಗಳು ಕಂಡವು. ಒಳಗೆ ಎಷ್ಟು ಮಂದಿ ಎಂದು ಕೇಳಿದೆ, ನಕ್ಕ. ಅಪ್ಪಾ, ನೀನು ಹೋಗಿ ಬಾಗಿಲ ಮುಂದೆ ನಿಂತು ಕೇಳು. ದೋಣಿ ಸಿಗದಿದ್ದರೆ ಸುತ್ತು ಹಾಕಿ ನಡೆ. ಯಾರಾದರೂ ಚೀಟಿ ಕೇಳಿದರೆ ಮೊದಲು ಚೀಟಿ ಬರೆದುಕೊಡು, ನಿನ್ನ ಮರ್ಯಾದೆಯನ್ನು ಆಮೇಲೆ ನೋಡಿಕೋ.

ಎಣಿಕೆಯ ದಿನ, ಅಷ್ಟರಲ್ಲಿ ಮಗಳ ಊರಿನಿಂದ ತಿರುಗಿ ಬಂದಿದ್ದ ಮಾರುತಿ ಕಾಕಾ ಜೊತೆಗಿದ್ದರು. ನಾಗವ್ವನೇ ದೋಣಿ ತಂದಳು. ಅಂದು ತಮಾಷೆ ಮಾಡಲಿಲ್ಲ. ನಡು ಹೊಳೆಯಲ್ಲಿ ನಾನೇ ಬಾಯಿ ಬಿಟ್ಟು, "ಬೇಚಿರಾಗ್ ಬರೆದವ ನಾನೇ ನಾಗವ್ವ" ಅಂದೆ.

"ಗೊತ್ತದ್ರಿ" ಅಂದಳು, ಹುಟ್ಟು ನಿಲ್ಲಿಸದೆ. "ಅವತ್ತೇ ನಿಮ್ಮ ಮಾರಿ ಮ್ಯಾಲೆ ಕಂಡಿತ್ತು."

"ಬಾಗಿಲಿಗಿ ಮುಳ್ಳ ಇದ್ದವು. ನಾ ತಪ್ಪ ತಿಳದೆ."

"ನಮ್ಮಲ್ಲಿ ಕೀಲಿ ಎಲ್ಲಿ ಅವರೀ? ತಿರಗಿ ಬರೋರು ಮುಳ್ಳ ಹಚ್ಚಿ ಹೋಗ್ತೇವು. ಬಿಟ್ಟು ಹೋಗೋರು ಬಾಗಲಾ ತೆರದಿಟ್ಟು ಹೋಗ್ತಾರ. ದರ ವರ್ಷ ಮುದುಕರು ಇಲ್ಲೇ ಇರ್ತಿದ್ದರು. ಆ ವರ್ಷ ಭೂಮಿ ನಡಗ್ಯಾದಂತ ಯಾರನ್ನೂ ಬಿಟ್ಟು ಹೋಗಾಕ ಮನಸ ಬರಲಿಲ್ಲ. ಆಡ, ಕೋಳಿ, ನಾಯಿ, ಎಲ್ಲಾ ಗಾಡ್ಯಾಗ ಹಾಕ್ಕೊಂಡು ಹೋದೇವು."

ಮುಂಜಾನೆಯಿಂದ ಗುಡಿಸಲು ಗುಡಿಸಲಿಗೆ ಹೋದೆವು. ಒಳಗೆ ಬಗ್ಗಿ ನೋಡಿ, ಒಬ್ಬೊಬ್ಬರ ಹೆಸರು ಕೇಳಿ ಬರೆದೆ. ತೊಟ್ಟಿಲ ಕೂಸನ್ನೂ ಬಿಡಲಿಲ್ಲ. ಗರತಿಯರು ಗಂಡನ ಹೆಸರು ಹೇಳಲು ನಾಚಿದಾಗ ಮಾರುತಿ ಕಾಕಾ ಹೇಳಿದರು. ಕೊನೆಯದು ನಾಗವ್ವನ ಗುಡಿಸಲು. ಕಟ್ಟೆಗೆ ಚಾಪೆ ಹಾಸಿದಳು, ನೀರು ಕೊಟ್ಟಳು, ಎದುರು ಕೂತು ಬೆರಳು ಮಡಚುತ್ತ ಹೇಳಿದಳು.

"ನಾ ಒಬ್ಬಾಕಿ. ದೊಡ್ಡ ಮಗ ಹಣಮಂತ. ಸಣ್ಣಂವ ಭೀಮಾ. ಸೊಸಿ ಸುಶೀಲಾ. ಮೊಮ್ಮಗ ಸಿದ್ದು. ಮೊಮ್ಮಗಳು ಭಾಗೀರಥಿ."

ಐದು ಹೆಸರು ಬರೆದು ಆರನೆಯದಕ್ಕೆ ಪೆನ್ನು ಊರಿದೆ. ಬಾಗಿಲಲ್ಲಿದ್ದ ಸೊಸೆ ತಟ್ಟನೆ ಒಳಗೆ ಹೋದಳು. ಹುಡುಗ ಸಿದ್ದು ಕಟ್ಟೆಯ ತುದಿಯಲ್ಲಿ ಕೂತಿದ್ದ, ಹುಡುಗಿ ಕಾಣಲಿಲ್ಲ.

"ಭಾಗೀರಥಿ ಎಲ್ಲಿ ಹೋಗ್ಯಾಳವ್ವ?"

"ಜಾಲಿ ಗಿಡದ ಬುಡಕ ಇಟ್ಟೇವ್ರಿ" ಅಂದಳು. "ನೀವು ಚೀಟಿ ಕಳಸಿದ ದಿನ ಮುಂಜಾನಿ ಹೋತು."

ಮಾರುತಿ ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟರು. ಆರನೆಯ ಸಾಲಿನಿಂದ ಪೆನ್ನು ಎತ್ತಿ, "ಇದರಾಗ ಇದ್ದವರನ್ನಷ್ಟ ಬರೀಬೇಕಾಗ್ತದವ್ವ" ಅಂದೆ.

"ಇದ್ದಾಗ ಬರದಿರೇನ್ರಿ?" ಅಂದಳು ನಾಗವ್ವ.

ಸಿಟ್ಟಿನಿಂದ ಅನ್ನಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು, ಎಲ್ಲಾದರೂ ಒಂದು ಕಡೆ ಆ ಹುಡುಗಿಯ ಹೆಸರು ಇದೆಯೇನೋ ಎಂದು. ಹೆರಿಗೆ ಗುಡಿಸಲಿನಲ್ಲೇ ಆಗಿತ್ತು, ಅದರ ದಾಖಲೆ ಇಲ್ಲ. ಮಂದಿಯೇ ಇಲ್ಲದ ಊರಿನಲ್ಲಿ ಸತ್ತದ್ದು, ಅದನ್ನೂ ಯಾರೂ ಬರೆದಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

ನಾಗವ್ವ ಎದ್ದು, ನಾನು ಕುಡಿದ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ನಾನು ಆ ಮನೆಯ ಮುಂದೆ ಐದು ಎಂದು ಬರೆದೆ. ಚೀಟಿಯನ್ನು ಆಕೆ ಕೇಳಿದ ದಿನವೇ ಬರೆದಿದ್ದರೆ ಆರು ಎಂದು ಬರೆಯುತ್ತಿದ್ದೆ.